ಗೆರೆಯ ಕೆಳಗಿನ ಮಾತು

ವಿಜಾಪುರ, ಹಾಸ್ಟೆಲಿನ ಏಳನೇ ಖೋಲಿ
7 ಸೆಪ್ಟೆಂಬರ್ 1953, ಸೋಮವಾರ

ಪ್ರೀತಿಯ ಅಣ್ಣನಿಗೂ ವೈನಿಗೂ,

ಬನಹಟ್ಟಿಯ ಗಿರಿಜಾ ಮಿಲ್ಲಿನ ಚಾಳಿನಲ್ಲಿ, ನಿಮ್ಮ ಮನೆಯ ಹೊಸ್ತಿಲ ಮೇಲೆ ಕುಳಿತು ವೈನಿ ಇದನ್ನು ಓದುತ್ತಿದ್ದಾರೆ, ಅಣ್ಣ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದಾನೆ, ಅವ್ವ ಉಣ್ಣೆ ನೂಲುತ್ತ ನಡುನಡುವೆ "ಏನಂತ, ಉಂಡಾನಂತೇನು?" ಎನ್ನುತ್ತಿದ್ದಾಳೆ ಎಂದು ಊಹಿಸಿಕೊಂಡೇ ಬರೆಯುತ್ತಿದ್ದೇನೆ. ಉಂಡಿದ್ದೇನೆ ಎಂದು ಅವ್ವನಿಗೆ ಹೇಳಿರಿ. ಇಲ್ಲಿಯ ರೊಟ್ಟಿ ತೆಳುವು, ಲೆಕ್ಚರುಗಳು ದಪ್ಪ. ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತವೆ. ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ತಲೆ ಅಲ್ಲಾಡಿಸುತ್ತೇನೆ.

ನಿನ್ನೆಯ ಸುದ್ದಿ ಬಸ್ಸಿನ ಜೊತೆಗೇ ಬಂತು. ಜಮಖಂಡಿ ಬಸ್ಸಿನ ಕಂಡಕ್ಟರ್ ನನ್ನನ್ನು ಗುರುತು ಹಿಡಿದು, "ಏ ತಮ್ಮಾ, ನಿಮ್ಮ ಅಣ್ಣ ಮೂರು ಗೋಲು ಹೊಡಿಸಿಕೊಂಡನಲ್ಲೋ! ತೇರದಾಳದ ಮಂದಿ ಚಾದಂಗಡ್ಯಾಗ ಕುಣ್ಯಾಕತ್ತಾರ" ಎಂದ. ವೈನಿ, ನಿಮ್ಮ ತವರಿನವರು ಅಳಿಯನ ಮೇಲೆ ಇಷ್ಟು ಕರುಣೆ ಇಲ್ಲದೆ ಆಡಬಾರದಿತ್ತು.

ಅಣ್ಣಾ, ಎದೆಗುಂದಬೇಡ. ಎಂಟು ತಂಡಗಳ ಫುಟ್‌ಬಾಲ್ ಲೀಗು, ಹದಿನಾಲ್ಕು ಮ್ಯಾಚು, ಆದದ್ದು ಒಂದು. ಹೋದ ವರ್ಷ ನಾವು ಎರಡನೆಯವರು. ಕೊನೆಗೆ ಉಳಿದ ಒಂದು ತಂಡ ಮಾತ್ರ ಸೆಕೆಂಡ್ ಡಿವಿಜನ್ನಿಗೆ ಇಳಿಯುತ್ತದೆ; ಆ ಮಾತು ನಮಗೆ ಸಂಬಂಧವಿಲ್ಲದ್ದು. ಆದರೆ ಮುಂದಿನ ಸಾಲಿನ ಇಬ್ಬರನ್ನು ಸೆಕ್ರೆಟರಿ ಶಿದ್ರಾಮಪ್ಪನವರು ಸೀಜನ್ ಶುರುವಾಗುವ ಮೊದಲೇ ಯಾಕೆ ಬಿಟ್ಟುಕೊಟ್ಟರು? ತುಕಾರಾಮ ಒಬ್ಬನೇ ಎಷ್ಟು ಓಡಿಯಾನು?

ಅಣ್ಣ ಮಿಲ್ಲಿನ ಸಂಜೆ ಸಾಲೆಗೆ ಹೋಗಲು ಶುರುಮಾಡಿದ್ದಾನೆ ಎಂದು ಬರೆದಿದ್ದೀರಿ. ಓದಿ ನಗು ಬಂತು, ಸಂತೋಷವೂ ಆಯಿತು. ಅಣ್ಣಾ, ಬಳಪವನ್ನು ಚೆಂಡಿನಂತೆ ಎರಡೂ ಕೈಯಿಂದ ಹಿಡಿಯಬೇಡ. ನಿಂಗಣ್ಣ ಮಾಸ್ತರರಿಗೆ ನನ್ನ ನಮಸ್ಕಾರ.

————————

ವೈನಿ, ಇಲ್ಲಿಗೆ ನಿಲ್ಲಿಸಿರಿ. ಗಟ್ಟಿಯಾಗಿ ಓದಬೇಡಿರಿ. "ಇಷ್ಟ ಐತಿ" ಎಂದು ಹೇಳಿ ಮಡಚಿ, ಆಮೇಲೆ ಒಬ್ಬರೇ ಇರುವಾಗ ಓದಿರಿ. ಇನ್ನು ಮುಂದೆಯೂ ಹೀಗೆ ಗೆರೆ ಎಳೆಯುತ್ತೇನೆ. ಮೇಲಿನದು ಎಲ್ಲರಿಗೆ, ಕೆಳಗಿನದು ನಿಮಗೆ.

ಟ್ರಂಕಿನ ತಳದಲ್ಲಿ ಅಣ್ಣನ ಕಾಗದವಿದೆಯಲ್ಲ, ಜೂನಿನಲ್ಲಿ ಮಿಲ್ಲಿನವರು ಕೊಟ್ಟ ನಾಲ್ಕು ಪುಟದ ಇಂಗ್ಲಿಷ್ ಬಾಂಡು, ಅದನ್ನು ಲಕೋಟೆಯಲ್ಲಿ ಹಾಕಿ ನನಗೆ ಕಳಿಸಿರಿ. ಅಣ್ಣನಿಗೆ ಗೊತ್ತಾಗುವುದು ಬೇಡ. ಏನೂ ಇಲ್ಲ, ಸುಮ್ಮನೆ. ನಮ್ಮ ಪುಸ್ತಕದಲ್ಲಿ ಅಂಥದೇ ಭಾಷೆ ಬಂತು, ಹೋಲಿಸಿ ನೋಡಬೇಕೆನ್ನಿಸಿತು.

ನಿಮ್ಮ
ಕಾಮಣ್ಣ

12 ಅಕ್ಟೋಬರ್ 1953

ಪ್ರೀತಿಯ ಅಣ್ಣನಿಗೂ ವೈನಿಗೂ, ಅವ್ವನ ಪಾದಗಳಿಗೂ,

ಐದು ಮ್ಯಾಚು, ನಾಲ್ಕು ಸೋಲು, ಲೋಕಾಪುರದ ಜೊತೆ ಒಂದು ಸಮ. ಅಣ್ಣಾ, ಲೋಕಾಪುರದಲ್ಲಿ ನೀನು ಹಿಡಿದ ಕೊನೆಯ ಚೆಂಡಿನ ಮಾತು ಇಲ್ಲಿಯ ಹುಡುಗರೂ ಆಡುತ್ತಿದ್ದಾರೆ. "ಚೆಂಡು ನೋಡಲಿಲ್ಲಂತ, ಹೊಡಿಯಾಂವನ ಸೊಂಟ ನೋಡಿದನಂತ" ಎಂದು ಅವರು ಬೆರಗಾಗುತ್ತಾರೆ. ನನಗೆ ಬೆರಗಿಲ್ಲ. ನಮ್ಮೂರು ತುಬಚಿಯಲ್ಲಿ ಕುರಿದೊಡ್ಡಿಯ ಬಾಯಿಗೆ ಕೈ ಅಗಲಿಸಿ ನಿಂತು, ಯಾವ ಮರಿ ಯಾವ ಕಡೆಯಿಂದ ನುಗ್ಗೀತೆಂದು ಸೊಂಟದಿಂದಲೇ ಹೇಳುತ್ತಿದ್ದವನು ನೀನು. ಆ ಹಿಂಡನ್ನು ಕಾಕಾನ ಮಕ್ಕಳಿಗೆ ಬಿಟ್ಟುಕೊಟ್ಟು ಮಿಲ್ಲಿಗೆ ಬಂದೆ. ಹಾಜರಿ ಮಿಲ್ಲಿನಲ್ಲಿ, ಕೆಲಸ ಮೈದಾನದಲ್ಲಿ, ಇರಲು ಹೆಂಚಿನ ಮನೆ. ನಮ್ಮ ಮನೆತನದಲ್ಲಿ ತಿಂಗಳ ಪಗಾರ ಕಂಡವನು ನೀನೇ ಮೊದಲಿಗ. ಅದು ಹಾಗೇ ಇರುತ್ತದೆ. ಇರಬೇಕು.

ದಸರೆಗೆ ಬರಲಾಗುವುದಿಲ್ಲ, ಟರ್ಮಿನಲ್ ಪರೀಕ್ಷೆ ಇದೆ. ದೀಪಾವಳಿಗೆ ಬರುತ್ತೇನೆ.

————————

ವೈನಿ, ಕಾಗದ ತಲುಪಿತು. ಇನ್ನು ಮುಚ್ಚಿಡಲಾರೆ. ಬಾಗಿಲು ಹಾಕಿಕೊಂಡು ಓದಿರಿ.

ಜೂನಿನ ಆ ದಿನ ನೆನಪಿದೆಯೇ? ಚಾಳಿನ ಬೇವಿನ ಕೆಳಗೆ ಅಣ್ಣ ಕಂಬಳಿ ಹಾಸಿದ್ದ. ಹನ್ನೊಂದೂ ಮಂದಿ ತಮ್ಮ ತಮ್ಮ ಕಾಗದ ಹಿಡಿದು ಕುಳಿತಿದ್ದರು. ಹೆಬ್ಬೆಟ್ಟು ಒತ್ತುವ ಮೊದಲು ಓದಿಸಬೇಕೆಂದು ಅಣ್ಣನೇ ಹಟ ಹಿಡಿದಿದ್ದ. "ಹೊರಗಿನ ಮಂದಿ ಯಾಕ ಬೇಕು? ನಮ್ಮ ಕಾಮಣ್ಣ ಮ್ಯಾಟ್ರಿಕ್ ಆಗ್ಯಾನ, ಕಾಲೇಜಿಗೆ ಹೊಂಟಾನ" ಎಂದು ನನಗೆ ಬೀಸಣಿಗೆ ಬೀಸುತ್ತ ನಿಂತಿದ್ದ. ತಮ್ಮನಿಗೆ ಅಣ್ಣ ಗಾಳಿ ಹಾಕುವುದೆಂದರೆ!

ಮೊದಲ ಎರಡು ಪುಟ ಓದಿ ಹೇಳಿದೆ. ಪಗಾರ, ಮನೆ, ಬೂಟು, ಔಷಧಿ. ಮೂರನೇ ಪುಟಕ್ಕೆ ಬಂದಾಗ ಒಂದೊಂದು ವಾಕ್ಯ ಅರ್ಧ ಪುಟದಷ್ಟು ಉದ್ದ. ಓದಿದೆ, ಬಾಯಿ ಓದಿತು, ತಲೆಗೆ ಏನೂ ಇಳಿಯಲಿಲ್ಲ. ಎಲ್ಲರ ಕಣ್ಣು ನನ್ನ ಮೇಲೆ. ತುಕಾರಾಮ, "ಏ ಸಾಹೇಬಾ, ಯಾಕ ನಿಂತಿ? ಇಂಗ್ಲಿಷ್ ತೀರಿತೇನು?" ಎಂದ. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ; ಬೀಸಣಿಗೆಯ ಕೈ ನಿಂತಿತು. ಆಗ ನಾನು ಹೇಳಿಬಿಟ್ಟೆ: "ಇದರಾಗ ಎಲ್ಲಾ ಛಲೋನ ಬರದೈತಿ. ಕ್ಲಬ್ಬಿಗೆ ಏನರ ಆದರ ನೀವು ಯಾವ ಕ್ಲಬ್ಬಿಗೆ ಬೇಕಾದ್ರೂ ಹೋಗಬಹುದು ಅಂತೈತಿ." ಎಲ್ಲಿಂದ ತಂದೆ ಆ ಮಾತು? ಅವರು ಕೇಳಬಯಸುವ ಮಾತು ಅದೇ ಇರಬೇಕೆಂದು ಅನ್ನಿಸಿತು, ಹೇಳಿದೆ.

ಅದು ಸುಳ್ಳು. ಹೋದ ಶನಿವಾರ ಲೈಬ್ರರಿಯಲ್ಲಿ ಡಿಕ್ಷನರಿ ತೆಗೆದುಕೊಂಡು ಮಧ್ಯಾಹ್ನವಿಡೀ ಆ ಒಂದು ಪುಟ ಬಿಡಿಸಿದೆ. ಹೀಗಿದೆ: ಕ್ಲಬ್ಬು ಕೊನೆಯ ಸ್ಥಾನಕ್ಕೆ ಬಿದ್ದು ಸೆಕೆಂಡ್ ಡಿವಿಜನ್ನಿಗೆ ಇಳಿದರೆ ಆ ದಿನವೇ ಎಲ್ಲ ಆಟಗಾರರ ಕೆಲಸ ಮುಗಿಯಿತು. ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ಮತ್ತು ಮೂರು ವರ್ಷ ಲೀಗಿನ ಬೇರೆ ಯಾವ ಕ್ಲಬ್ಬಿಗೂ ಆಡಕೂಡದು; ಸೀಜನ್ನಿನ ನಡುವೆ ತಾವಾಗಿ ಬಿಟ್ಟು ಹೋಗುವಂತೆಯೂ ಇಲ್ಲ.

ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಹೆಬ್ಬೆಟ್ಟು ಒತ್ತಿದ ಮೇಲೆ ಅಣ್ಣ ಏನು ಮಾಡಿದ? ಸೊಂಟದ ಚೀಲದಿಂದ ತುಬಚಿಯ ಬೀರಪ್ಪನ ಭಂಡಾರ ತೆಗೆದು ಹನ್ನೊಂದೂ ಕೈಗಳಿಗೆ ಹಾಕಿದ. ಬೀರಪ್ಪನ ಒಕ್ಕಲಾದ ನಮ್ಮವರು ಏಳೇ ಮಂದಿ, ಆದರೆ ಉಳಿದವರೂ ಕೈ ಒಡ್ಡಿದರು. ಆ ಅರಿಶಿನದ ಪುಡಿ ಮುಷ್ಟಿಯಲ್ಲಿ ಹಿಡಿದು, ಈ ಕಾಗದದಲ್ಲಿ ಬರೆದಂತೆ ನಡೆಯುತ್ತೇವೆ, ತಪ್ಪಿದರೆ ಬೀರಪ್ಪ ನೋಡಿಕೊಳ್ಳಲಿ ಎಂದು ಆಣೆ ಮಾಡಿದರು. ಶಿದ್ರಾಮಪ್ಪನವರು ಜೀಪಿನಲ್ಲಿ ಕುಳಿತೇ ಅದನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಆಗ ಏನಿತ್ತೆಂದು ಈಗ ನೆನಪು ಮಾಡಿಕೊಳ್ಳಲು ಹೆದರಿಕೆಯಾಗುತ್ತದೆ.

ನೀವು ನಾಲ್ಕು ತಿಂಗಳ ಬಸುರಿ ಎಂದು ಅವ್ವ ಹೇಳಿ ಕಳಿಸಿದ್ದಾಳೆ. ಇಂಥ ಹೊತ್ತಿನಲ್ಲಿ ಇದನ್ನು ನಿಮಗೆ ಬರೆಯುವ ನಾನು ಎಂಥವನು? ಆದರೂ ಅಣ್ಣನಿಗೆ ಹೇಳಬೇಡಿರಿ. ಇನ್ನೂ ಒಂಬತ್ತು ಮ್ಯಾಚಿವೆ. ನಾವು ಬೀಳದಿದ್ದರೆ ಆ ಪುಟಕ್ಕೆ ಅರ್ಥವೇ ಇಲ್ಲ.

ನಿಮ್ಮ
ಕಾಮಣ್ಣ

16 ನವೆಂಬರ್ 1953

ಪ್ರೀತಿಯ ಅಣ್ಣನಿಗೂ ವೈನಿಗೂ,

ದೀಪಾವಳಿ ಮುಗಿಸಿ ಬಂದು ಒಂದು ವಾರವಾಯಿತು. ಅವ್ವ ಕಟ್ಟಿಕೊಟ್ಟ ಕರಿಗಡಬು ಹಾಸ್ಟೆಲಿನ ಬಾಗಿಲು ದಾಟುವ ಮೊದಲೇ ಖಾಲಿ. ಸ್ಲೇಟಿನ ಮೇಲೆ ಅರ್ಧ ಅಳಿಸಿದ ಅಕ್ಷರ ನೋಡಿದೆ, ಅಣ್ಣಾ. "ಕುರಿ" ಎಂದು ಚೆನ್ನಾಗಿಯೇ ಬರೆದಿದ್ದೀ, "ಗೋಲು" ಇನ್ನೂ ಸ್ವಲ್ಪ ಓರೆ. ಬಾಗಲಕೋಟೆಯವರನ್ನು ಸೋಲಿಸಿದ ಸುದ್ದಿ ಕೇಳಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಣಿದೆ. ಮೊದಲ ಗೆಲುವು! ಇನ್ನು ಒಂದೊಂದೇ ಮೆಟ್ಟಿಲು ಏರುವುದು.

————————

ವೈನಿ, ದಸರೆಯ ನಂತರ ಎರಡು ವಾರ ನೀವು ಒಂದು ಅಕ್ಷರ ಬರೆಯಲಿಲ್ಲ. ಆಮೇಲೆ ಬಂದ ಕಾರ್ಡಿನಲ್ಲಿ ಒಂದೇ ಸಾಲು: "ಅವರಿಗೆ ನೀವ ಹೇಳ್ರಿ. ನಾ ಹೇಳೂದಿಲ್ಲ." ಹೇಳಬೇಕೆಂದೇ ದೀಪಾವಳಿಗೆ ಬಂದೆ. ನಾಲ್ಕು ದಿನ ನೀವು ನನ್ನ ಮುಖ ನೋಡದೆ ರೊಟ್ಟಿ ಬಡಿಸಿದಿರಿ. ನಾಲ್ಕು ದಿನವೂ ನಾನು ಹೇಳಲಿಲ್ಲ.

ಪಾಡ್ಯದ ದಿನ ಮುಧೋಳ ಕ್ಲಬ್ಬಿನ ಪರಸಪ್ಪ ಬಂದದ್ದು ನಿಮಗೆ ಗೊತ್ತು, ಆದರೆ ನೀವು ಒಲೆಯ ಮುಂದಿದ್ದಿರಿ, ಮಾತು ಪೂರ್ತಿ ಕೇಳಿರಲಿಕ್ಕಿಲ್ಲ. ದೀಪಾವಳಿಯ ಹೊತ್ತಿಗೆ ಆಟಗಾರರು ಕ್ಲಬ್ಬು ಬದಲಿಸಬಹುದೆಂದು ಲೀಗಿನ ರೂಲು. ಅವನು ಕುಳಿತ ಕೂಡಲೇ, "ಅಮಸಿದ್ದಪ್ಪಾ, ನಿಮ್ಮ ಗಿರಿಜಾ ಮುಳುಗೂ ದೋಣಿ. ನಮ್ಮ ಕಡೆ ಬಂದ್ಬಿಡು. ಮುಧೋಳದಾಗ ಮನಿ ಐತಿ, ಕೆಲಸ ಐತಿ, ನಿನ್ನ ಹೆಂಡ್ತಿ ಬಾಣಂತನಕ್ಕ ದವಾಖಾನಿನೂ ಐತಿ" ಎಂದ. ಅಣ್ಣ ನನ್ನ ಕಡೆ ತಿರುಗಿದ.

"ಕಾಮಣ್ಣಾ, ಕಾಗದ ಓದಿದಾಂವ ನೀನು. ಬ್ಯಾರೆ ಕಡೆ ಹೋಗಾಕ ಬರತೈತೇನು?"

ಎಷ್ಟು ಮೆತ್ತಗೆ ಕೇಳಿದ, ವೈನಿ. ಪರಸಪ್ಪನಂಥ ಹೊರಗಿನವನ ಎದುರು ಹೇಗೆ ಹೇಳಲಿ? ಹಾಗೆಂದು ನನಗೆ ನಾನೇ ಹೇಳಿಕೊಂಡೆ. "ಬರತೈತಿ" ಎಂದೆ. "ಆದರ ನಿನ್ನ ಮರ್ಜಿ."

ಅಣ್ಣ ಬಹಳ ಹೊತ್ತು ನನ್ನನ್ನೇ ನೋಡಿದ. ಚೆಂಡು ಹೊಡೆಯುವವನ ಸೊಂಟ ನೋಡುತ್ತಾನಲ್ಲ, ಹಾಗೆ. ಆಮೇಲೆ ಪರಸಪ್ಪನಿಗೆ, "ಈ ವರ್ಷ ಬ್ಯಾಡ್ರಿ. ಭಂಡಾರ ಹಿಡಿದೀನಿ" ಎಂದು ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ. ಅವನ ನಿಯತ್ತು ನೋಡಿ ನನಗೆ ಹೆಮ್ಮೆಯೇ ಆಯಿತು. ಹೋಗಿದ್ದರೆ ಆಣೆ ಮುರಿಯುತ್ತಿತ್ತು, ಅವನಿಗೇ ಗೊತ್ತಿಲ್ಲದೆ. ಸದ್ಯ, ಅದು ತಪ್ಪಿತೆಂದು ಉಸಿರು ಬಿಟ್ಟೆ. ನಾಚಿಕೆಗೇಡಿನ ಉಸಿರು.

ಒಂದು ಮಾತು. ಆ ನಾಲ್ಕು ದಿನ ಮೈದಾನಕ್ಕೂ ಹೋಗಿ ನೋಡಿದೆ, ಅಣ್ಣನ ಆಟ ಬದಲಾಗಿದೆ. ಎದುರಿನವನು ಒಬ್ಬನೇ ನುಗ್ಗಿ ಬಂದರೆ ಮೊದಲೆಲ್ಲ "ಹೋ, ಹೋ!" ಎಂದು ಕೂಗುತ್ತ ಮುಂದೆ ಓಡಿ ಬರುತ್ತಿದ್ದ. ಈಗ ಗೋಲಿನ ಗೆರೆ ಬಿಟ್ಟು ಕದಲುವುದಿಲ್ಲ, ಕೂಗುವುದೂ ಇಲ್ಲ. ಬಂದದ್ದಕ್ಕೆಲ್ಲ ಮೈಯೊಡ್ಡುತ್ತಾನೆ. ಎಡಗೈಯ ಎರಡು ಬೆರಳು ಬಾತುಕೊಂಡಿರುವುದನ್ನು ನೋಡಿದೆ. ಕೇಳಿದರೆ, "ಏನೂ ಆಗಿಲ್ಲ, ನೀ ಅಭ್ಯಾಸ ಮಾಡು" ಎಂದ.

ನಿಮ್ಮ
ಕಾಮಣ್ಣ

21 ಡಿಸೆಂಬರ್ 1953

ಪ್ರೀತಿಯ ಅಣ್ಣನಿಗೂ ವೈನಿಗೂ,

ಚಳಿ ಬಹಳವಿದೆ. ಅವ್ವ ಕೊಟ್ಟ ಕಂಬಳಿ ಹೊದ್ದರೆ ಖೋಲಿಯ ಜೊತೆಗಾರ, "ಏನೋ, ಕುರಿ ವಾಸನಿ ಬರತೈತಿ" ಎಂದು ಮೂಗು ಮುಚ್ಚಿಕೊಳ್ಳುತ್ತಾನೆ. ಅದಕ್ಕೇ ಅವನು ಮಲಗಿದ ಮೇಲೆ ಹೊದೆಯುತ್ತೇನೆ. ಮೇಲಿಂದ ಮೇಲೆ ಮೂರು ಸೋಲಿನ ಮಾತು ಆಡುವುದಿಲ್ಲ. ಬಿಳಗಿಯವರು ನಮಗಿಂತ ಕೆಳಗಿದ್ದಾರೆ, ಅದೊಂದು ಸಮಾಧಾನ. ಅಣ್ಣಾ, ಬೆರಳಿಗೆ ಎಣ್ಣೆ ತಿಕ್ಕಿಸಿಕೋ.

————————

ವೈನಿ, ಟೇಪು ಹಿಡಿದುಕೊಂಡು ಬಂದ ಇಬ್ಬರು ಚಾಳಿನ ಮನೆಗಳ ಉದ್ದ ಅಗಲ ಅಳೆದು ಹೋದರು, ಯಾಕೆಂದು ಕೇಳಿದರೆ "ಹೊಸ ಮಷೀನಿನ ಜೋಡಿ ಬರೂ ಮಂದಿಗಿ" ಎಂದರು ಎಂದು ಬರೆದಿದ್ದೀರಿ. ಇನ್ನೂ ನಾಲ್ಕು ಮ್ಯಾಚಿರುವಾಗಲೇ! ನಾವು ಬೀಳಲೆಂದೇ ಮಿಲ್ಲಿನವರು ಕಾಯುತ್ತಿದ್ದಾರೇನು? ಆ ಸಾಲು ಓದಿದ ಮೇಲೆ ನನಗೆ ಕ್ಲಾಸಿನಲ್ಲಿ ಕೂರಲಾಗಲಿಲ್ಲ. ಶನಿವಾರ ಹಾಸ್ಟೆಲಿನಲ್ಲಿ ಸುಳ್ಳು ಹೇಳಿ ಜಮಖಂಡಿಗೆ ಹೋದೆ.

ಅಲ್ಲಿ ಚನಮಲ್ಲಪ್ಪ ವಕೀಲರು ನಾಲ್ಕೂ ಪುಟ ಓದಿದರು. ಕನ್ನಡಕ ತೆಗೆದು, "ತಮ್ಮಾ, ಇದು ಕೋರ್ಟಿನಾಗ ಒಂದ ದಿನ ನಿಲ್ಲೂದಿಲ್ಲ. ಓದಾಕ ಬರದವರ ಹೆಬ್ಬೆಟ್ಟು ಹಿಂಗ ಕಟ್ಟಿ ಹಾಕಾಕ ಬರೂದಿಲ್ಲ. ಆದರ ಆ ಮಂದಿ ಬಂದು ಅರ್ಜಿ ಕೊಡಬೇಕು, ಓದಿ ಹೇಳಿದಾಂವ ತಪ್ಪು ಹೇಳೀನಂತ ಬರದುಕೊಡಬೇಕು. ಯಾರು ಓದಿದಾಂವ?" ಎಂದರು. "ಯಾರೋ ಒಬ್ಬರು" ಎಂದೆ. ಅವರು ನಕ್ಕರು. "ಆಣಿ ಏನರ ಮಾಡ್ಯಾರೇನು?" ಎಂದು ಕೇಳಿದರು. ಭಂಡಾರದ ಮಾತು ಹೇಳಿದೆ. ನಗು ನಿಂತಿತು. ಕಾಗದ ಮಡಚಿ ನನ್ನ ಕೈಗಿಟ್ಟು, "ಹಂಗಾರ ಅವರು ಕೋರ್ಟಿನ ಮೆಟ್ಟಲ ಹತ್ತೂದಿಲ್ಲ. ನೀನು ಮೊದಲು ಗುಡಿಗೆ ಹೋಗು" ಎಂದರು.

ಹೋದೆ. ತುಬಚಿಯಲ್ಲಿ ಪೂಜಾರಿ ಗಿರಮಲ್ಲಪ್ಪಜ್ಜ ಹೊಳೆಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕುಳಿತಿದ್ದ. ನಾನು ಎಲ್ಲ ಹೇಳಿದೆ. ಆಮೇಲೆ ಹೇಳಿದ: "ಅವರು ಕಾಗದದ ಮ್ಯಾಲ ಭಂಡಾರ ಹಿಡೀಲಿಲ್ಲಪಾ. ಕಾಗದ ಅವರಿಗೇನು ಗೊತ್ತು? ನಿನ್ನ ಮಾತಿನ ಮ್ಯಾಲ ಹಿಡಿದ್ರು. ಮಾತು ಸುಳ್ಳಂದ್ರ ಆ ಭಾರ ಓದಿದಾಂವಂದು. ಹನ್ನೊಂದೂ ಮಂದಿ ಮುಂದ ನಿಂತು ಖರೇದು ಹೇಳು. ಅವರು ನಿನ್ನ ತಲಿಮ್ಯಾಲ ಭಂಡಾರ ಸುರದು ಹಗುರಾಗತಾರ. ನೀ ಹನ್ನೆರಡು ತಿಂಗಳು ಬೀರಪ್ಪನ ಹಿಂಡಿನ ಬೆನ್ನ ಹತ್ತಬೇಕು. ಸಾಲಿ ಇಲ್ಲ, ಪುಸ್ತಕ ಇಲ್ಲ, ತಲಿಮ್ಯಾಲ ಸೂರಿಲ್ಲ. ಮಳಿಯಾದ್ರೂ ಕಂಬಳಿ, ಬಿಸಲಾದ್ರೂ ಕಂಬಳಿ."

"ಮಾಡದಿದ್ದರ?" ಎಂದೆ.

"ನಾ ಹೆದರಸಾಂವ ಅಲ್ಲ" ಎಂದ. "ಹನ್ನೊಂದು ಮಂದಿ ಹೊರೂದು ನೀ ನೋಡಿಕೋತ ಇರತಿ, ಅಷ್ಟ" ಎಂದ.

ಒಂದು ವರ್ಷ! ಹಾಸ್ಟೆಲಿನ ಸೀಟು ಹೋಗುತ್ತದೆ, ಫ್ರೀಶಿಪ್ಪು ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಐದನೇ ಇಯತ್ತೆಯಿಂದ ಬೋರ್ಡಿಂಗಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಇಲ್ಲಿಯವರೆಗೆ ಬಂದಿದ್ದೇನೆ. ಇನ್ನು ನಾಲ್ಕು ಮ್ಯಾಚು, ವೈನಿ. ಬಿಳಗಿಯವರು ಕೆಳಗಿದ್ದಾರೆ. ನಾವು ಉಳಿದುಕೊಂಡರೆ ಯಾರೂ ಏನೂ ಹೇಳಬೇಕಾಗಿಲ್ಲ. ಈಗ ನಾನು ದೇವರಲ್ಲಿ ಬೇಡುವುದು ಇಷ್ಟೇ: ಬಿಳಗಿಯವರು ಸೋಲಲಿ. ಅವರ ಮನೆಗಳಲ್ಲಿಯೂ ಇಂಥದೇ ಕಾಗದ ಇರಬಹುದೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಆಗ ಬೇಡುವುದನ್ನು ನಿಲ್ಲಿಸುತ್ತೇನೆ. ಮತ್ತೆ ಬೇಡುತ್ತೇನೆ.

ನಿಮ್ಮ
ಕಾಮಣ್ಣ

25 ಜನವರಿ 1954, ಸೋಮವಾರ

ಅಣ್ಣಾ, ಅವ್ವಾ, ವೈನಿ,

ಈ ಪತ್ರದಲ್ಲಿ ಗೆರೆ ಇಲ್ಲ. ವೈನಿ, ಮೊದಲಿನಿಂದ ಕೊನೆಯವರೆಗೆ ಎಲ್ಲ ಗಟ್ಟಿಯಾಗಿ ಓದಿರಿ. ಬೇಕಾದರೆ ತುಕಾರಾಮನನ್ನೂ ಉಳಿದವರನ್ನೂ ಕರೆದು ಕೂರಿಸಿಕೊಂಡು ಓದಿರಿ.

ನಿನ್ನೆ ಜಮಖಂಡಿಯ ಮೈದಾನದಲ್ಲಿ ನಾನಿದ್ದೆ. ಅಣ್ಣಾ, ನೀನು ಇದ್ದ ಗೋಲಿನ ಹಿಂದೆಯೇ, ಮಂದಿಯ ನಡುವೆ. ಕೊನೆಯ ಮ್ಯಾಚು ಬಿಳಗಿಯವರ ಜೊತೆಗೇ; ಸಮನಾದರೆ ಸಾಕು, ನಾವು ಉಳಿಯುತ್ತೇವೆ. ಬಿಳಗಿಯವರು ಗೆದ್ದರೆ ಅವರು ಉಳಿಯುತ್ತಾರೆ. ಎಂದಿನಂತೆ ನಿನ್ನ ಕಂಬಳಿ ಕಂಬದ ಪಕ್ಕ ಮಡಚಿ ಇಟ್ಟಿತ್ತು. ಅದರ ಅಂಚು ಹರಿದು ನೀನು ಬಾತ ಬೆರಳಿಗೆ ಸುತ್ತಿಕೊಂಡಿದ್ದೆ. ನನ್ನ ಪಕ್ಕದವನೊಬ್ಬ, "ಏ ಕುರಿ ಕಾಯಾಂವಾ, ನಿನ್ನ ದೊಡ್ಡಿ ಬಾಗಲಾ ತೆರದೈತಿ ನೋಡೋ!" ಎಂದು ಆಟದುದ್ದಕ್ಕೂ ಕೂಗುತ್ತಿದ್ದ. ಅವನಿಗೆ ಒಂದು ಮಾತು ಹೇಳುವ ಧೈರ್ಯವೂ ನನಗೆ ಆಗಲಿಲ್ಲ. ನೀನು ಎಂಟೋ ಒಂಬತ್ತೋ ಚೆಂಡು ತಡೆದೆ. ನಾನು ಎಣಿಸುತ್ತಿದ್ದೆ, ಆಮೇಲೆ ಎಣಿಸಲಾಗಲಿಲ್ಲ.

ಹತ್ತು ನಿಮಿಷ ಉಳಿದಿತ್ತು. ಬಿಳಗಿಯ ಆ ಉದ್ದನೆಯವನು ಒಬ್ಬನೇ ನುಗ್ಗಿ ಬಂದ. ಆಗ ನೀನು ಗೆರೆ ಬಿಟ್ಟೆ. ದೀಪಾವಳಿಯಿಂದ ಒಮ್ಮೆಯೂ ಬಿಡದವನು, "ಹೋ, ಹೋ!" ಎಂದು ಕೂಗುತ್ತ ಕೈ ಅಗಲಿಸಿ ಓಡಿದೆ. ತುಬಚಿಯ ದೊಡ್ಡಿಯ ಬಾಯಿಯಲ್ಲಿ ನಿಂತ ಅಣ್ಣನೇ ಕಂಡ. ಚೆಂಡು ನಿನ್ನ ಎದೆಗೆ ಬಡಿದು ಹಿಂದೆ ಪುಟಿಯಿತು. ನಾನು ಕೂಗಿದೆ. ಕೂಗು ಮುಗಿಯುವುದರೊಳಗೆ, ಕಾಪಾಡಲೆಂದು ಹಿಂದಕ್ಕೆ ಓಡಿ ಬಂದ ತುಕಾರಾಮನ ಮೊಣಕಾಲಿಗೆ ಅದೇ ಚೆಂಡು ತಾಗಿ, ಮೆಲ್ಲಗೆ, ಎಷ್ಟು ಮೆಲ್ಲಗೆ, ಒಣಗಿ ಬಿರಿದ ಎರೆಮಣ್ಣಿನ ಮೇಲೆ ಉರುಳುತ್ತ ಉರುಳುತ್ತ ನಮ್ಮ ಗೋಲಿನೊಳಗೆ ಹೋಯಿತು.

ಬಿಳಗಿಯವರಿಗೂ ಕೂಡಲೇ ಕೂಗಲು ಬರಲಿಲ್ಲ. ತುಕಾರಾಮ ಅಲ್ಲೇ ಕುಸಿದು ಕುಳಿತ. ನೀನು ಚೆಂಡು ಎತ್ತಿಕೊಂಡೆ, ಕಂಬಳಿಯಿಂದ ಅದರ ಧೂಳು ಒರೆಸಿದೆ, ರೆಫರಿಯ ಕೈಗೆ ಕೊಟ್ಟೆ. ತುಕಾರಾಮನ ತಲೆ ಸವರಿ, "ಏಳಲೇ, ನಿಂದಲ್ಲ ಅದು" ಎಂದೆ. ಗೋಲಿನ ಹಿಂದಿದ್ದ ನನಗೂ ಅದು ಕೇಳಿಸಿತು. ಶಿದ್ರಾಮಪ್ಪನವರು ಗಡಿಯಾರ ನೋಡಿಕೊಂಡು, ಕೊನೆಯ ಸೀಟಿ ಊದುವ ಮೊದಲೇ ಜೀಪು ಹತ್ತಿದರು.

ಆಟ ಮುಗಿದ ಮೇಲೆ ನನ್ನನ್ನು ಕಂಡು, "ಯಾವಾಗ ಬಂದಿ? ಉಂಡು ಹೋಗು" ಎಂದಷ್ಟೇ ಹೇಳಿದೆ. ನಾನು ಬಸ್ಸು ತಪ್ಪುತ್ತದೆಂದು ಓಡಿದೆ. ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಅಣ್ಣಾ, ಈಗ ಹೇಳುತ್ತೇನೆ. ಜೂನಿನಲ್ಲಿ ಬೇವಿನ ಕೆಳಗೆ ನಾನು ಓದಿದ ಮೂರನೇ ಪುಟ ನನಗೆ ತಿಳಿದಿರಲಿಲ್ಲ. ತಿಳಿಯಲಿಲ್ಲ ಎನ್ನಲು ನಾಚಿಕೆಯಾಯಿತು. ಬೇರೆ ಕ್ಲಬ್ಬಿಗೆ ಹೋಗಬಹುದೆಂದು ಅಲ್ಲಿ ಬರೆದಿಲ್ಲ. ನಾನೇ ಹುಟ್ಟಿಸಿ ಹೇಳಿದ ಮಾತದು. ಕ್ಲಬ್ಬು ಇಳಿದರೆ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಮೂರು ವರ್ಷ ಎಲ್ಲಿಯೂ ಆಡುವಂತಿಲ್ಲ ಎಂದಿದೆ. ಅಕ್ಟೋಬರಿನಿಂದ ನನಗಿದು ಗೊತ್ತು. ದೀಪಾವಳಿಯಲ್ಲಿ ನೀನು ಎದುರಿಗೆ ಕೇಳಿದಾಗಲೂ ಸುಳ್ಳು ಹೇಳಿದೆ. ವೈನಿಯ ತಪ್ಪಿಲ್ಲ. ಅವರ ಬಾಯಿಗೆ ಬೀಗ ಹಾಕಿದವನು ನಾನು. ಕೋರ್ಟಿನಲ್ಲಿ ಆ ಕಾಗದ ನಿಲ್ಲುವುದಿಲ್ಲ. ಭಂಡಾರ ಇಳಿದರೆ ನೀವು ಹನ್ನೊಂದೂ ಮಂದಿ ಹೋಳಿಯೊಳಗೆ, ಕ್ಲಬ್ಬುಗಳು ಹೊಸ ಆಟಗಾರರನ್ನು ಆರಿಸುವ ಹೊತ್ತಿಗೆ, ಎಲ್ಲಿ ಬೇಕಾದರೂ ಸೇರಬಹುದು. ಭಂಡಾರ ಇಳಿಸಬೇಕಾದವನು ನಾನು. ಗಿರಮಲ್ಲಪ್ಪಜ್ಜನಿಗೆ ಎಲ್ಲ ಗೊತ್ತಿದೆ.

ಹೊಡೆಯುವುದಾದರೆ ಹೊಡೆ. ಮಾತು ಬಿಡಬೇಡ.

ನಿನ್ನ ತಮ್ಮ
ಕಾಮಣ್ಣ

ತಾ.ಕ.: ಪರೀಕ್ಷೆ ಮಾರ್ಚ್ ಕೊನೆಯ ವಾರ. ಅದನ್ನು ಮುಗಿಸಿ ಏಪ್ರಿಲಿನಲ್ಲಿ ಬಂದು ಎಲ್ಲರ ಮುಂದೆ ಹೇಳಿ ಹಿಂಡಿನ ಹಿಂದೆ ಹೋದರೆ ನಡೆದೀತೇ? ಹೋಳಿ ಅದಕ್ಕಿಂತ ಮೊದಲು ಬರುತ್ತದೆಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ಬನಹಟ್ಟಿ, ಗಿರಿಜಾ ಮಿಲ್ ಚಾಳು
30 ಜನವರಿ 1954

ಕಾಮಣ್ಣನಿಗೆ ವೈನಿಯ ಆಶೀರ್ವಾದ.

ನಿಮ್ಮ ಪತ್ರ ಮುಟ್ಟಿತು. ಇಲ್ಲಿ ಅವ್ವ ಆರಾಮ ಇದ್ದಾರೆ. ಕೂಸು ಹೊಟ್ಟೆಯಲ್ಲಿ ಒದೆಯುತ್ತದೆ. "ಕೀಪರ್ ಆಗೂದಿಲ್ಲ ಇದು, ಸೆಂಟರ್ ಫಾರ್ವರ್ಡ್ ಆಗತೈತಿ" ಎಂದು ತುಕಾರಾಮ ಹೇಳಿ ನಗಿಸಲು ನೋಡಿದ. ಯಾರೂ ನಗಲಿಲ್ಲ. ಮನೆ ಖಾಲಿ ಮಾಡಿರಿ ಎಂಬ ಕಾಗದ ಎಲ್ಲರ ಬಾಗಿಲಿಗೂ ಅಂಟಿಸಿ ಹೋಗಿದ್ದಾರೆ. ಅಂಟಿಸುವವನೊಬ್ಬ ನಮ್ಮ ಬಾಗಿಲ ಮುಂದೆ ನಿಂತು, "ತಪ್ಪು ತಿಳಿಬ್ಯಾಡ್ರೀ ಅಕ್ಕಾರ" ಎಂದ. ಅಂಟು ಹಸಿ ಇದ್ದಾಗಲೇ ಎಮ್ಮೆ ಅರ್ಧ ತಿಂದಿತು.

ಎಲ್ಲರನ್ನೂ ಕರೆದು ಗಟ್ಟಿಯಾಗಿ ಓದಿರಿ ಎಂದಿದ್ದಿರಿ. ಕರೆದೆವು. ಹನ್ನೊಂದೂ ಮಂದಿ ಅದೇ ಬೇವಿನ ಕೆಳಗೆ ಬಂದು ಕುಳಿತರು. ಆದರೆ ಓದುವ ಕೆಲಸ ನನಗೆ ಬೀಳಲಿಲ್ಲ. ಯಾಕೆಂದು ಕೆಳಗೆ ನೋಡಿದರೆ ನಿಮಗೇ ತಿಳಿಯುತ್ತದೆ. ಎದ್ದು ಹೋಗುವಾಗ ತುಕಾರಾಮ ಒಬ್ಬನೇ, "ಆ ದಿನ ನಾ ನಗಬಾರದಿತ್ತು" ಎಂದ.

ಅಕ್ಟೋಬರಿನಿಂದ ನಿಮ್ಮ ಮೇಲೆ ನನಗಿದ್ದ ಸಿಟ್ಟು ಇನ್ನೂ ಪೂರಾ ಹೋಗಿಲ್ಲ. ಸುಳ್ಳು ಬರೆಯಲಾರೆ.

ನಾಳೆ ನಿಮ್ಮ ಅಣ್ಣ ನನ್ನನ್ನೂ ಅವ್ವನನ್ನೂ ತೇರದಾಳಕ್ಕೆ ನನ್ನ ತವರಿಗೆ ಬಿಟ್ಟು ಬರುತ್ತಾರಂತೆ. ಬಾಣಂತನಕ್ಕೆ ಇನ್ನೂ ದಿನವಿದೆಯಲ್ಲ, ಈಗಲೇ ಯಾಕೆ ಎಂದರೆ ಹೇಳುವುದಿಲ್ಲ. ಎಮ್ಮೆಯನ್ನೂ ಹೊಡೆದುಕೊಂಡು ಹೋಗೋಣ ಎನ್ನುತ್ತಾರೆ. ಎಷ್ಟು ದಿನಕ್ಕೆ ಎಂದರೆ, "ಮುಂದಿನ ವರ್ಷ ಈ ಹೊತ್ತಿಗೆ ನೋಡೂಣು" ಎನ್ನುತ್ತಾರೆ.

ಕೆಳಗಿನದನ್ನು ಅವರೇ ಬರೆದಿದ್ದಾರೆ. ನಾನು ತಿದ್ದಿಲ್ಲ.

ನಿಮ್ಮ ವೈನಿ
ಸುಂದರವ್ವ

ತಾ.ಕ.:

ಕಾಮಣ್ಣಾ

ನಿನ್ನ ಅಕ್ಷರ ದುಂಡಗ ಇರತಾವ. ಅದಕ್ಕ ಲಗೂನ ಬಂತು ನನಗ. ನಿಂಗಣ್ಣ ಮಾಸ್ತರರ ಪುಸ್ತಕಕ್ಕಿಂತ ನಿನ್ನ ಪತ್ರ ಓದೇ ಕಲತೆ. ಟ್ರಂಕಿನಾಗಿಂದ ತಗೊಂಡು ಅಕ್ಷರದ ಮ್ಯಾಲ ಬೆಳ್ಳ ಇಟಗೊಂತ ಓದತಿದ್ದೆ. ನಿಮ್ಮ ವೈನಿಗೂ ಗೊತ್ತಿರಲಿಲ್ಲ.

ದಸರಾದಿಂದ ಗೆರಿ ಕೆಳಗಿಂದೆಲ್ಲಾ ಓದೀನಿ. ನೀ ಗೆರಿ ಮ್ಯಾಲ ಬರೀತಿ ಅಂತ ಕಾದೆ. ದೀಪಾವಳಿಗಿ ಕೇಳಿದೆ. ಒಂಬತ್ತು ಮ್ಯಾಚ ಕಾದೆ.

ಆ ಮಂದಿಗಿ ನಾನೂ ಹೇಳಲಿಲ್ಲ. ತಮ್ಮನ ಮಾನ ದೊಡ್ಡದು ಅಂದುಕೊಂಡೆ. ಅದು ನಂದೂ ತಪ್ಪ.

ಏಪ್ರಿಲ ಬ್ಯಾಡ. ಬುಧವಾರ ಅಮಾಸಿ ಐತಿ. ತುಬಚಿಗಿ ಬಾ. ಹನ್ನೊಂದೂ ಮಂದಿ ಬರತಾರ.

ಪುಸ್ತಕ ತರಬ್ಯಾಡ. ಕಂಬಳಿ ನಾ ತರತೀನಿ. ಎರಡು.

ಅಮಸಿದ್ದಪ್ಪ